ಪಕ್ಷ ಬಿಟ್ಟವನ ವರ್ಷ

ಟೊಲೆಡೊ, ಒಹಾಯೊ
ಮಾರ್ಚ್ 12, 2023

ಅಣ್ಣಾ,

ನನ್ನ ಹುಟ್ಟುಹಬ್ಬಕ್ಕೆ ಅತ್ತಿಗೆ ಕಳಿಸಿದ ಕಾರ್ಡು ನಿನ್ನೆ ಬಂತು. ಒಳಗೆ ಎರಡೇ ಸಾಲು. "ನಿನ್ನ ಅಣ್ಣ ಪಕ್ಷ ಬಿಟ್ಟ. ನನ್ನನ್ನು ಇನ್ನೂ ಬಿಟ್ಟಿಲ್ಲ." ತಮಾಷೆ ಇರಬೇಕು ಅಂದುಕೊಂಡೆ. ಆದರೆ ಇರ್ಮಾ ಅತ್ತಿಗೆ ಪಕ್ಷದ ವಿಷಯದಲ್ಲಿ ತಮಾಷೆ ಮಾಡಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಹೆಮ್ಲಾಕ್ ರನ್ ಟೌನ್‌ಶಿಪ್ಪಿನಿಂದ ಪಕ್ಷದ ಸಮಿತಿಗೆ ವರ್ಷಾನುಗಟ್ಟಲೆ ಆರಿಸಿ ಬಂದ ಹೆಂಗಸಿನ ಮನೆಯಲ್ಲೇ ಹೀಗಾಯಿತೇ?

ಏನಾಗಿದೆ ನಿನಗೆ? ಅಪ್ಪ ಗಣಿಯಿಂದ ಮೇಲೆ ಬಂದವನು ಮುಖ ಕೂಡ ತೊಳೆಯದೆ ಮತಗಟ್ಟೆಗೆ ಹೋಗುತ್ತಿದ್ದ. ಅಮ್ಮ ಬೈದರೆ, "ಮುಖ ನೋಡಿದ್ರೇ ಇವನು ಯಾರ ಕಡೆಯೋನು ಅಂತ ಗೊತ್ತಾಗ್ಬೇಕು" ಅನ್ನುತ್ತಿದ್ದ. ಅಂಥವನ ಮಗ ನೀನು. ಎರಡೂ ಪಕ್ಷದ ಸಹವಾಸ ಬೇಡ ಅಂತ ಮತದಾರರ ಪಟ್ಟಿಯಲ್ಲಿ ಪಕ್ಷದಿಂದ ಹೆಸರು ತೆಗೆಸುವವರು ಹೆಚ್ಚುತ್ತಿದ್ದಾರೆ ಅಂತ ಪೇಪರಿನಲ್ಲಿ ಓದುತ್ತಿರುತ್ತೇನೆ. ಯಾರೋ ಎಳೆಯರು, ಸೋಮಾರಿಗಳು ಅಂತ ಪುಟ ತಿರುಗಿಸುತ್ತಿದ್ದೆ. ಆ ಗುಂಪಿನಲ್ಲಿ ನಮ್ಮ ಕ್ಲೆಮ್ ಇದ್ದಾನೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ಫೋನು ಮಾಡಿದರೆ "ಹಾಂ? ಹಾಂ?" ಅನ್ನುತ್ತೀಯೇ ಹೊರತು ನಿನಗೆ ಕೇಳಿಸುವುದಿಲ್ಲ. ಅದಕ್ಕೇ ಬರೆದಿದ್ದೇನೆ. ಇಲ್ಲಿ ವಾರ್ಡಿನ ಕೆಲಸ ಕುತ್ತಿಗೆಮಟ್ಟ ಇದೆ. ಆದರೂ ನಿನ್ನ ಕಾಗದಕ್ಕೆ ಕಾಯುತ್ತೇನೆ.

ಲಿಯೋಟಾ


ಹೆಮ್ಲಾಕ್ ರನ್, ಪೆನ್ಸಿಲ್ವೇನಿಯ
ಏಪ್ರಿಲ್ 2, 2023

ಲಿಯೋಟಾ,

ಕಾಗದ ಬಂತು. ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು ಇಷ್ಟು ದಿನವಾಯಿತು. ಬೇಜಾರು ಮಾಡಿಕೊಳ್ಳಬೇಡ.

ದೊಡ್ಡ ಕಾರಣ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಕಣೆ. ಸುಸ್ತಾಯಿತು ಅಷ್ಟೆ. ಜೇಬಿನಲ್ಲಿ ಫೋನು ದಿನವಿಡೀ ಗುಂಯ್ ಅನ್ನುತ್ತದೆ. ತೆಗೆದು ನೋಡಿದರೆ ಪಕ್ಷದ ಮೆಸೇಜು, "ಕ್ಲೆಮೆಂಟ್, ನಮ್ಮನ್ನು ಕೈಬಿಟ್ಟಿರಾ?" ಹೆಸರು ಹಿಡಿದು ಕರೆಯುತ್ತಾರೆ, ಕರೆದವರು ಯಾರು ಅಂತ ನೋಡಿದರೆ ಅಲ್ಲಿ ಮನುಷ್ಯರೇ ಇಲ್ಲ. ನಮ್ಮವರು, ಅವರು ಬಂದರೆ ದೇಶ ಮುಳುಗಿತು ಅನ್ನುತ್ತಾರೆ. ಆ ಕಡೆಯವರು, ನಾವು ಬಂದರೆ ಮುಳುಗಿತು ಅನ್ನುತ್ತಾರೆ. ನಮ್ಮ ರಸ್ತೆಯ ಕೆಳಗಿನ ಮೋರಿ ಮಾತ್ರ ಪ್ರತಿ ವಸಂತದಲ್ಲೂ ಮುಳುಗುತ್ತದೆ. ಅದನ್ನು ನೋಡಲು ಎರಡು ಕಡೆಯವರೂ ಬಂದಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಹೆಸರು ತೆಗೆಸಿದೆ. ಇರ್ಮಾಗೆ ಊಟದ ಹೊತ್ತಿನಲ್ಲಿ ಹೇಳಿದೆ. ಅವಳು ಫೋರ್ಕು ಕೆಳಗಿಟ್ಟು, "ಉಪ್ಪು ಕೊಡು" ಅಂದಳು. ಆಮೇಲೆ ಮೂರು ದಿನ ಅದಷ್ಟೇ ಮಾತು.

ಇಲ್ಲಿ ಶುಕ್ರವಾರ ಶುಕ್ರವಾರ ಅಗ್ನಿಶಾಮಕ ಠಾಣೆಯಲ್ಲಿ ಈಸ್ಟರ್ ಮುಂಚಿನ ಮೀನೂಟ ನಡೆಯುತ್ತಿದೆ. ಟೌನ್‌ಶಿಪ್ಪಿನ ಸೂಪರ್‌ವೈಸರ್ ಕುರ್ಚಿಯೊಂದು ಈ ವರ್ಷ ಖಾಲಿಯಾಗುತ್ತದೆ, ಅಲ್ಲಿ ಅದೇ ಮಾತು. ಊರಿನ ಆಡಳಿತ, ಖರ್ಚು ಎಲ್ಲ ತೀರ್ಮಾನಿಸಲು ಇರುವುದು ಮೂರೇ ಸೂಪರ್‌ವೈಸರ್‌ಗಳು. ನಮ್ಮ ಆಂಬುಲೆನ್ಸಿಗೆ ಕೊಡುವ ಹಣ ನಿಲ್ಲಿಸಬೇಕು ಅಂತ ಒಬ್ಬ, ಬೇಡ ಅಂತ ಇನ್ನೊಬ್ಬ. ಮೂರನೆಯವನ ಮೇಲೆ ಗಾಡಿಯ ಹಣೆಬರಹ. ಅದು ನಿಂತರೆ ಬೆಟ್ಟದ ಆಚೆಯ ಪಟ್ಟಣದಿಂದ ಬರಬೇಕು. ಆಂಬುಲೆನ್ಸ್ ಓಡಿಸುವ ನಡೀನ್ ಯೋಸ್ಟ್ ನಿಂತಿದ್ದಾಳೆ. ಅವಳ ಎದುರು ಜಲ್ಲಿ ಕ್ವಾರಿಯ ಡಾರಿಲ್ ಕ್ಲಿಂಜ್, ಹಣ ನಿಲ್ಲಿಸಿ ಅನ್ನುವವನು. ಇಬ್ಬರೂ ಒಂದೇ ಪಕ್ಷ, ನಿನ್ನ ಪಕ್ಷ. ಇಲ್ಲಿ ಇನ್ನೊಂದು ಪಕ್ಷದವರು ಯಾರನ್ನೂ ನಿಲ್ಲಿಸುವುದೇ ಇಲ್ಲ. ಹಾಗಾಗಿ ಮೇ ತಿಂಗಳ ಪ್ರೈಮರಿಯಲ್ಲಿ ಪಕ್ಷದವರು ಯಾರನ್ನು ಆರಿಸುತ್ತಾರೋ ನವೆಂಬರಿನಲ್ಲಿ ಅವನೇ ಗೆದ್ದ ಹಾಗೆ.

ಇರ್ಮಾ ಚೆನ್ನಾಗಿದ್ದಾಳೆ.

ಕ್ಲೆಮ್


ಟೊಲೆಡೊ
ಏಪ್ರಿಲ್ 19, 2023

ಅಣ್ಣಾ,

ಸುಸ್ತಾಯಿತಂತೆ. ಬಸ್ ಗ್ಯಾರೇಜಿನಲ್ಲಿ ಚಳಿಗಾಲವಿಡೀ ಬೆನ್ನಡಿ ಕಾಂಕ್ರೀಟು ಹಾಸಿಕೊಂಡು ಮಲಗಿ ಶಾಲಾ ಬಸ್ಸು ರಿಪೇರಿ ಮಾಡಿದವನಿಗೆ ಆಗದ ಸುಸ್ತು, ಫೋನು ಗುಂಯ್ ಅಂದಿದ್ದಕ್ಕೆ ಆಯಿತೇ? ಗುಂಯ್ ಅನ್ನುವುದನ್ನು ಆರಿಸಲು ಒಂದು ಗುಂಡಿ ಇದೆ. ಪಕ್ಕದ ಮನೆಯ ಮಕ್ಕಳನ್ನು ಕೇಳು.

ನಡೀನ್ ಬೇಕು ಅಂತಿದ್ದರೆ ಹೋಗಿ ಓಟು ಹಾಕು, ಇಷ್ಟೇ ತಾನೇ? ಮೇಜಿನ ಹತ್ತಿರ ಹೋಗಿ, ನನಗೆ ಈ ಪಕ್ಷದ ಮತಪತ್ರ ಕೊಡಿ ಅಂದರೆ ಕೊಡುತ್ತಾರೆ. ಇಲ್ಲಿ ನಾವು ಹಾಗೇ ಮಾಡುವುದು. ಮುನಿಸಿಕೊಂಡು ಮನೆಯಲ್ಲಿ ಕೂರಲು ಅದೊಂದು ನೆಪ ಬೇಡ.

ನಿನ್ನಂಥವರು ಒಬ್ಬೊಬ್ಬರೇ ಎದ್ದು ಹೋದರೆ ಕೊನೆಗೆ ಒಳಗೆ ಉಳಿಯುವವರು ಯಾರು ಗೊತ್ತೇ? ಕೂಗಾಡುವವರು. ಆಮೇಲೆ, ಅಯ್ಯೋ ಪಕ್ಷದಲ್ಲಿ ಬರೀ ಕೂಗಾಡುವವರೇ ತುಂಬಿದ್ದಾರೆ ಅಂತ ನೀವೇ ಹೇಳುತ್ತೀರಿ. ವಾರ್ಡಿನಲ್ಲಿ ಬಾಗಿಲು ಬಾಗಿಲಿಗೂ ಹೋಗಿ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ನನಗೆ ಸುಸ್ತಾಗುವುದಿಲ್ಲವೇ?

ಅತ್ತಿಗೆಗೆ ನೆನಪು ಹೇಳು. ಕಾರ್ಡಿನಲ್ಲಿ ಅವಳ ಅಕ್ಷರ ಯಾಕೋ ನಡುಗಿದ ಹಾಗಿತ್ತು. ಕನ್ನಡಕ ಬದಲಾಯಿಸಬೇಕೇನೋ.

ಲಿಯೋಟಾ


ಹೆಮ್ಲಾಕ್ ರನ್
ಮೇ 21, 2023

ಲಿಯೋಟಾ,

ಮೇಜಿನ ಹತ್ತಿರ ಹೋಗಿ ಕೇಳಿದೆ. ನಮ್ಮ ರಾಜ್ಯದಲ್ಲಿ ನಿಮ್ಮ ಕಡೆಯ ಹಾಗಲ್ಲ. ಪಕ್ಷದಲ್ಲಿ ಹೆಸರಿದ್ದವರಿಗೆ ಮಾತ್ರ ಪಕ್ಷದ ಮತಪತ್ರ. ಮತ್ತೆ ಹೆಸರು ಬರೆಸಲು ಗಡುವು ಮೇ ಒಂದಕ್ಕೇ ಮುಗಿದಿತ್ತು. ನನಗೆ ಅದು ಗೊತ್ತಿತ್ತು. ಆದರೂ ಇರ್ಮಾಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆನಲ್ಲ, ನಿನ್ನ ಕಾಗದವೂ ನೆನಪಾಯಿತು, ಒಳಗೆ ಹೋದೆ. ಮೇಜಿನಲ್ಲಿ ಕೂತಿದ್ದವಳು ನಮ್ಮ ಓಣಿಯ ಗ್ಲೆನ್ನಾ. ಪುಸ್ತಕ ನೋಡಿ, ನನ್ನ ಮುಖ ನೋಡಿ, "ಕ್ಲೆಮ್, ನಿಮಗೆ ಇವತ್ತು ಏನೂ ಇಲ್ವಲ್ಲ" ಅಂದಳು. ಅಂಗಡಿಯಲ್ಲಿ ಬ್ರೆಡ್ಡು ಮುಗಿದಿದೆ ಅನ್ನುವ ಹಾಗೆ, ಪಾಪ, ಮೆಲ್ಲಗೆ ಹೇಳಿದಳು. ಹೊರಗೆ ಬಂದು ಕಾರಿಗೆ ಒರಗಿ ನಿಂತೆ. ನನ್ನ ಹಾಗೇ ಇನ್ನೂ ಇಬ್ಬರು ಗಂಡಸರು ಹೆಂಡಿರಿಗಾಗಿ ಕಾಯುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನಡೀನ್ ಸೋತಳು. ಒಂದು ಊಟದ ಮೇಜಿನ ಸುತ್ತ ಕೂರುವಷ್ಟು ಜನರ ಓಟಿನ ಅಂತರದಲ್ಲಿ ಸೋತಳು. ಊರಲ್ಲಿ ಮುಕ್ಕಾಲು ಪಾಲು ಜನ ಬಂದೇ ಇರಲಿಲ್ಲ. ಓಟು ಹಾಕಬಲ್ಲವರು ಬರಲಿಲ್ಲ, ಬಂದ ನಮಗೆ ಹಾಕಲು ಆಗಲಿಲ್ಲ. ಸಾರು ಬಡಿಸುತ್ತಾ ಇರ್ಮಾ, "ಆ ಮೇಜಲ್ಲಿ ನಿನ್ನ ಕುರ್ಚಿಯೂ ಇತ್ತು" ಅಂದಳು.

ಇನ್ನು ನಿನಗೆ ಹೇಳದೇ ಇದ್ದ ಮಾತೊಂದಿದೆ. ಅವಳ ಅಕ್ಷರ ನಡುಗಿದ್ದು ಕನ್ನಡಕದ ದೆಸೆಯಿಂದ ಅಲ್ಲ. ಫೆಬ್ರವರಿಯಲ್ಲಿ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದವಳು ಹಾಗೇ ಕುಸಿದಳು. ಹೃದಯ. ಹಿಮ ಬೀಳುತ್ತಿತ್ತು. ನಡೀನ್ ಗಾಡಿ ತಂದಳು. ಅಂಗಳದ ಏರಿನಲ್ಲಿ ಚಕ್ರ ಜಾರಿತು ಅಂತ ಗಾಡಿ ಕೆಳಗೇ ಬಿಟ್ಟು, ಸ್ಟ್ರೆಚರನ್ನು ಅವಳೂ ಇನ್ನೊಬ್ಬನೂ ಹೊತ್ತುಕೊಂಡು ಬಂದರು. ಆಸ್ಪತ್ರೆಯಲ್ಲಿ ವೈದ್ಯರು, ಇನ್ನೊಂದಿಷ್ಟು ತಡವಾಗಿದ್ದರೆ ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು.

ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಜೇಬಿನಲ್ಲಿ ಗುಂಯ್ ಅಂದಿತು. ಡಾಕ್ಟರೇನೋ ಅಂತ ಗಾಬರಿಯಿಂದ ತೆಗೆದರೆ ಪಕ್ಷ. ಇನ್ನೊಮ್ಮೆ ಗುಂಯ್. ಮತ್ತೆ ಪಕ್ಷ. ಇರ್ಮಾ ಇಷ್ಟು ವರ್ಷ ಯಾರ ಕೆಲಸ ಮಾಡಿದಳೋ ಅವರಲ್ಲಿ ಒಬ್ಬನೂ ಆ ವಾರ ಅವಳು ಹೇಗಿದ್ದಾಳೆ ಅಂತ ಕೇಳಲಿಲ್ಲ. ಅವಳು ಮನೆಗೆ ಬಂದ ಮಾರನೆಯ ದಿನ ಹೆಸರು ತೆಗೆಸಿದೆ.

"ಲಿಯೋಟಾಗೆ ಬರೀಬೇಡ, ಸುಮ್ನೆ ಬಸ್ ಹತ್ಕೊಂಡು ಬರ್ತಾಳೆ" ಅಂತ ಇರ್ಮಾ ಕಟ್ಟಪ್ಪಣೆ ಮಾಡಿದ್ದಳು. ಈಗ ನಡೆದಾಡುತ್ತಾಳೆ. ಮಾತ್ರೆಗಳಿವೆ.

ಕ್ಲೆಮ್


ಟೊಲೆಡೊ
ಮೇ 30, 2023

ಅಣ್ಣಾ,

ಮೂರು ತಿಂಗಳು. ನಾನು ಕನ್ನಡಕದ ಮಾತಾಡಿದೆ, ನೀನು "ಚೆನ್ನಾಗಿದ್ದಾಳೆ" ಅಂತ ಬರೆದೆ. ನಿನ್ನ ಮೇಲೆ ಎಷ್ಟು ಕೋಪ ಬಂದಿದೆ ಅಂದರೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಅತ್ತಿಗೆಗೆ ಹೇಳು, ಬಸ್ಸು ಹತ್ತಿ ಬರುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಈಗ ಸದ್ಯ ವಾರ್ಡಿನ ಕೆಲಸ ಬಿಟ್ಟು ಬರುವ ಹಾಗಿಲ್ಲ.

ಲಿಯೋಟಾ


ಹೆಮ್ಲಾಕ್ ರನ್
ಜುಲೈ 16, 2023

ಲಿಯೋಟಾ,

ನಿನ್ನ ಕೋಪ ಇಳಿದಿದೆಯೋ ಇಲ್ಲವೋ. ಇಳಿಯದಿದ್ದರೂ ಓದು, ಯಾಕೆಂದರೆ ನಗಲು ಒಂದು ವಿಷಯ ಸಿಕ್ಕಿದೆ. ನಿನ್ನ ಅಣ್ಣ ಚುನಾವಣೆಗೆ ನಿಂತಿದ್ದಾನೆ.

ಜೂನ್ ಕೊನೆಗೆ ನಡೀನ್ ಬಂದಳು. ನಾನು ತರಕಾರಿ ಮಡಿಗೆ ಜಿಂಕೆ ನುಗ್ಗದ ಹಾಗೆ ಬಲೆ ಕಟ್ಟುತ್ತಿದ್ದೆ. ಬಲೆಯ ಇನ್ನೊಂದು ತುದಿ ತಾನೇ ಹಿಡಿದುಕೊಂಡಳು.

"ಓಟು ಹಾಕ್ಲಿಲ್ಲ ಅಂತ ಬೈಯೋಕೆ ಬಂದಿಲ್ಲ, ಗಾಬರಿ ಆಗ್ಬೇಡಿ."

"ಬೈದ್ರೂ ನಂಗೆ ಅರ್ಧ ಕೇಳ್ಸೋದು" ಅಂದೆ.

"ಪ್ರೈಮರಿಯಲ್ಲಿ ಸೋತೋರು ಅದೇ ಕುರ್ಚಿಗೆ ಮತ್ತೆ ನಿಲ್ಲೋ ಹಾಗಿಲ್ಲ. ನಮ್ಮ ಆಂಬುಲೆನ್ಸಿನೋರೆಲ್ಲ ಯಾವುದೋ ಒಂದು ಪಕ್ಷದಲ್ಲಿ ಹೆಸರು ಇಟ್ಕೊಂಡಿದಾರೆ, ಅವ್ರೂ ಸ್ವತಂತ್ರವಾಗಿ ನಿಲ್ಲೋ ಹಾಗಿಲ್ಲ. ಪ್ರೈಮರಿಗೆ ತಿಂಗಳು ಮೊದಲೇ ಪಕ್ಷ ಬಿಟ್ಟಿರೋರು ಬೇಕು. ಅಂಥೋರ ಮನೆಗೆಲ್ಲ ಹೋಗಿ ಬಂದೆ."

"ಏನಂದ್ರು?"

"ಸುಸ್ತು ಅಂದ್ರು."

ನನಗೆ ನಗು ಬಂತು. ಅವಳಿಗೂ ಬಂತು. ಆಮೇಲೆ ಇಬ್ಬರೂ ಬಲೆ ಕಟ್ಟಿದೆವು. ಕಟ್ಟಿ ಮುಗಿಯುವ ಹೊತ್ತಿಗೆ ನನ್ನ ಕಣ್ಣು ಅಂಗಳದ ಏರಿನ ಮೇಲೆ ಬಿತ್ತು. ಅಲ್ಲಿ ಸ್ಟ್ರೆಚರು ಹೊತ್ತು ಹತ್ತಿದವಳು ಪಕ್ಕದಲ್ಲಿ ನಿಂತಿದ್ದಾಳೆ. ಆಗುವುದಿಲ್ಲ ಅಂತ ಯಾವ ಬಾಯಿಂದ ಹೇಳಲಿ?

ಆಗಸ್ಟ್ ಮೊದಲ ದಿನದೊಳಗೆ ಊರವರ ಸಹಿ ಸಂಗ್ರಹಿಸಿ ಕೊಡಬೇಕು. ಪಕ್ಷದವರೂ ಸಹಿ ಹಾಕಬಹುದಂತೆ. ಮೊದಲು ಇರ್ಮಾ ಮುಂದೆ ಇಟ್ಟೆ. ಅವಳು ಓದಿದಳು, ಪೆನ್ನು ಪಕ್ಕಕ್ಕೆ ಸರಿಸಿದಳು.

"ನಾನು ಸಮಿತಿಯೋಳು. ನಮ್ಮ ಪಕ್ಷದೋನ ಎದುರು ನಿಂತೋನಿಗೆ ಸಹಿ ಹಾಕೋ ಹಾಗಿಲ್ಲ."

"ನಿಂಗೆ ಡಾರಿಲ್ ಕಂಡ್ರೆ ಆಗಲ್ಲ."

"ಆಗಲ್ಲ. ಪ್ರೈಮರಿಯಲ್ಲಿ ನಡೀನ್‌ಗೇ ಹಾಕ್ದೆ. ಅವಳು ಸೋತ್ಲು. ಸೋತ ಮೇಲೆ ಗೆದ್ದೋನ ಹಿಂದೆ ನಿಲ್ಬೇಕು, ಅದೇ ಪಕ್ಷ ಅಂದ್ರೆ. ನಂಗೆ ಬೇಕಾದೋನು ಗೆದ್ದಾಗ ಮಾತ್ರ ಪಕ್ಷ ಅನ್ನೋದಾದ್ರೆ ಅದು ಪಕ್ಷ ಅಲ್ಲ, ಮೊಂಡಾಟ."

"ನಿನ್ನನ್ನ ಹೊತ್ಕೊಂಡು ಹೋದ ಗಾಡಿ ಅದು, ಇರ್ಮಾ."

"ಗೊತ್ತು" ಅಂದಳು. ಎದ್ದು ಒಳಗೆ ಹೋದಳು.

ಎರಡು ದಿನದ ಮೇಲೆ ಕೌಂಟಿಯಿಂದ ಪಕ್ಷದ ಅಧ್ಯಕ್ಷರ ಫೋನು. ಗಂಡ ಎದುರು ನಿಂತಿರುವುದರಿಂದ ಸಮಿತಿಗೆ ರಾಜೀನಾಮೆ ಕೊಟ್ಟರೆ ಚೆನ್ನ ಅಂತ. ಇವಳು, "ನನ್ನ ಆರಿಸಿದ್ದು ಈ ರಸ್ತೆಯೋರು, ನೀವಲ್ಲ. ಅಷ್ಟಕ್ಕೂ ನನ್ನ ಗಂಡನಿಗೆ ನಾನು ಇವತ್ತಿನವರೆಗೂ ಸಹಿ ಹಾಕಿಲ್ಲ. ನಮ್ಮ ಪಕ್ಷದ ಬೇರೆ ಮನೆಗಳಲ್ಲಿ ಯಾರ್ಯಾರು ಹಾಕಿದಾರೆ ನೋಡ್ಕೊಳ್ಳಿ" ಅಂತ ಫೋನು ಇಟ್ಟಳು. ಆಮೇಲೆ ಮಾತ್ರೆ ತೆಗೆದುಕೊಂಡು ಮಲಗಿದಳು. ಅವಳು ಅಷ್ಟು ಹೊತ್ತಿಗೆ ಮಲಗುವವಳಲ್ಲ.

ಮನೆ ಮನೆ ಅಲೆಯುತ್ತಿದ್ದೇನೆ. ಬಾಗಿಲು ತೆಗೆದವರು ಮೊದಲು ಕೇಳುವುದು, "ನೀವು ಯಾರ ಕಡೆ?" ಯಾರ ಕಡೆಯೂ ಅಲ್ಲ ಅಂದರೆ ನಂಬುವುದಿಲ್ಲ. ಮೊಣಕಾಲು ನೋಯುತ್ತದೆ. ನಿನಗೆ ಇಷ್ಟು ವರ್ಷ ಇದು ಹೇಗೆ ಸಾಧ್ಯವಾಯಿತೇ ಮಾರಾಯ್ತಿ?

ಕ್ಲೆಮ್


ಟೊಲೆಡೊ
ಆಗಸ್ಟ್ 20, 2023

ಅಣ್ಣಾ,

ಈ ಕಾಗದದ ಹಿಂದೆಯೇ ಒಂದು ಉದ್ದನೆಯ ಪೆಟ್ಟಿಗೆ ಬರುತ್ತದೆ, ಭಾರ ಇದೆ, ನೀನೇ ಎತ್ತಲು ಹೋಗಬೇಡ. ಅದರಲ್ಲಿ ಇರುವುದು ತಂತಿಯ ಕಾಲುಗಳು, ಅಂಗಳದಲ್ಲಿ ಪ್ರಚಾರದ ಬೋರ್ಡು ಚುಚ್ಚುತ್ತಾರಲ್ಲ, ಅವು. ಪ್ರತಿ ಚುನಾವಣೆ ಮುಗಿದ ಮೇಲೂ ವಾರ್ಡೆಲ್ಲ ಸುತ್ತಿ ಕಿತ್ತು ತಂದು ನೆಲಮಾಳಿಗೆಯಲ್ಲಿ ಕಟ್ಟಿಟ್ಟಿದ್ದೆ. ಬೋರ್ಡುಗಳನ್ನು ತೆಗೆದು ಬಿಸಾಕಿದ್ದೇನೆ. ತಂತಿಗೆ ಯಾವ ಪಕ್ಷವೂ ಇಲ್ಲ. ನಿನ್ನ ಹೆಸರು ಅಂಟಿಸಿಕೋ. ಗಾಳಿಗೆ ಅಡ್ಡವಾಗಿ ನೆಡಬೇಡ, ಬಗ್ಗುತ್ತವೆ.

ಇವು ನನಗೆ ಬೇಡವೇ ಅಂತ ನೀನು ಕೇಳುತ್ತೀ. ಬೇಡ. ಮಾರ್ಚ್ ಮೊದಲ ವಾರದಲ್ಲೇ ವಾರ್ಡಿನ ಕೆಲಸಕ್ಕೆ ಬೇರೆಯವರನ್ನು ಹಾಕಿದರು. ಬಾಗಿಲು ತಟ್ಟುವುದು ಈಗ ಹಳೆಯ ಕ್ರಮವಂತೆ, ಎಲ್ಲ ಫೋನಿನಲ್ಲೇ ನಡೆಯುತ್ತದಂತೆ. ಒಂದು ಇಮೇಲು ಬಂತು. "ಆತ್ಮೀಯ ಲಿಯೋನಾ" ಅಂತ ಇತ್ತು. ಹೆಸರೂ ತಪ್ಪು. ನಿನ್ನನ್ನು ಬೈದು ಬರೆದ ಆ ಮೊದಲ ಕಾಗದ ಅದಾದ ಮೇಲೆ ಬರೆದದ್ದು. ಯಾರಾದರೂ ಒಬ್ಬರನ್ನು ಬೈಯಬೇಕಿತ್ತು.

ನಾನು ಪಕ್ಷ ಬಿಡುವುದಿಲ್ಲ. ಬಿಟ್ಟು ಎಲ್ಲಿಗೆ ಹೋಗಲಿ? ಬೆಳಿಗ್ಗೆ ಎದ್ದರೆ ತಟ್ಟಲು ಬಾಗಿಲಿಲ್ಲ, ಅಷ್ಟೆ. ಕಾಫಿ ಕುಡಿದು ಕೂತಿರುತ್ತೇನೆ.

ಬಾಗಿಲು ತಟ್ಟುವ ಬಗ್ಗೆ ಕೇಳಿದೆಯಲ್ಲ. ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಲ್ಲು. ಮಾತು ನೀನು ಶುರು ಮಾಡಬೇಡ, ಅವರ ನಾಯಿಯ ಹೆಸರು ಕೇಳು. ಸಂಜೆ ಊಟದ ಹೊತ್ತಿಗೆ ಹೋಗಬೇಡ. ಕಿವಿಗೆ ಹಾಕುವುದನ್ನು ಹಾಕಿಕೊಂಡು ಹೋಗು. ಅವರು ಹೇಳಿದ್ದು ಕೇಳಿಸಿದರೆ ಅರ್ಧ ಓಟು ಬಂದ ಹಾಗೆ.

ಅತ್ತಿಗೆ ಸಹಿ ಹಾಕದೇ ಇದ್ದದ್ದಕ್ಕೆ ಮುನಿಸಿಕೊಳ್ಳಬೇಡ. ಅವಳ ಜಾಗದಲ್ಲಿ ನಾನಿದ್ದರೂ ಹಾಕುತ್ತಿರಲಿಲ್ಲ. ಹಾಕುತ್ತಿದ್ದೆನೇನೋ. ಗೊತ್ತಿಲ್ಲ.

ಲಿಯೋಟಾ


ಹೆಮ್ಲಾಕ್ ರನ್
ನವೆಂಬರ್ 12, 2023

ಲಿಯೋಟಾ,

ಸೋತೆ. ಹೀನಾಯವಾಗಿ ಏನಲ್ಲ. ಆದರೆ ಸೋಲು ಸೋಲೇ.

ಮಂಗಳವಾರ ಬೆಳಗಾಗುವ ಮುಂಚೆ ಇರ್ಮಾಳನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮತಗಟ್ಟೆಯ ಹೊರಗೆ ದಾರಿಯ ಈ ಬದಿ ಅವಳ ಮಡಚುವ ಕುರ್ಚಿ, ಆ ಬದಿ ನನ್ನದು. ಬಂದವರಿಗೆ ಅವಳು ಡಾರಿಲ್‌ನ ಕಾರ್ಡು ಕೊಡಬೇಕು, ನಾನು ನನ್ನದು. ಜನ ನಡುವೆ ನಡೆದು ಹೋಗುತ್ತಾ ಅವಳನ್ನೂ ನೋಡಿ, ನನ್ನನ್ನೂ ನೋಡಿ, ನಗುತ್ತಿದ್ದರು. "ಮನೇಲಿ ಅಡುಗೆ ಯಾರು ಮಾಡ್ತಿದೀರಿ?" ಅಂದ ಒಬ್ಬ. "ಯಾರು ಸೋಲ್ತಾರೋ ಅವ್ರು" ಅಂದಳು ಇರ್ಮಾ. ನಾನು ಅವಳ ಕಾಲಿಗೆ ಕಂಬಳಿ ಹೊದಿಸಿ ಬಂದೆ. ಮಧ್ಯಾಹ್ನ ಅವಳು ತನ್ನ ಫ್ಲಾಸ್ಕಿನ ಸಾರು ಅರ್ಧ ನನಗೆ ಕಳಿಸಿದಳು, ಡಾರಿಲ್‌ನ ಹೆಂಡತಿಯ ಕೈಯಲ್ಲಿ.

ಡಾರಿಲ್ ಕೆಟ್ಟವನಲ್ಲ ಕಣೆ. ಬಂದು ಕೈ ಕುಲುಕಿದ. "ನಿಮ್ಮಿಂದ ಈ ಸಲ ನಾನೂ ಬಾಗಿಲು ತಟ್ಟಬೇಕಾಯ್ತು" ಅಂದ. ಅಭ್ಯಾಸ ಇಲ್ಲದ್ದಕ್ಕೋ ಏನೋ, ಅವನೂ ಕುಂಟುತ್ತಿದ್ದ.

ಬಹಳ ಜನ ಹೆಸರಿನ ಕೆಳಗಿನ ಪಕ್ಷ ಮಾತ್ರ ನೋಡಿ ಹಾಕಿಬಿಟ್ಟಿದ್ದರು ಅನ್ನಿಸುತ್ತದೆ. ಹೆಸರುಗಳನ್ನು ಓದಿಯೇ ಇರಲಿಲ್ಲ. ಪಕ್ಷ ಬೇಡ ಅಂದವರಲ್ಲಿ ಅರ್ಧ ಜನ ಬರಲೇ ಇಲ್ಲ. ಅವರ ಅಂಗಳದಲ್ಲಿ ನಿನ್ನ ತಂತಿಯ ಮೇಲೆ ನನ್ನ ಹೆಸರು ನಿಂತಿತ್ತು, ಅವರು ಮಾತ್ರ ಮನೆಯಲ್ಲಿದ್ದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಆ ಸುಸ್ತು ಎಂಥದ್ದು ಅಂತ ನನಗೆ ಗೊತ್ತು.

ತಂತಿಗಳನ್ನು ಕಿತ್ತು ತರುತ್ತಿದ್ದೇನೆ. ದಿನಕ್ಕೊಂದು ರಸ್ತೆ.

ಕ್ಲೆಮ್


ಟೊಲೆಡೊ
ನವೆಂಬರ್ 25, 2023

ಅಣ್ಣಾ,

ಥ್ಯಾಂಕ್ಸ್‌ಗಿವಿಂಗ್‌ಗೆ ಒಬ್ಬಳೇ ಇದ್ದೆ, ಕೋಳಿ ಮಾಡಿಕೊಂಡೆ. ಬೇಜಾರಿಲ್ಲ.

ಸೋತವನಿಗೆ ಏನು ಹೇಳಬೇಕು ಅಂತ ನನಗೆ ಚೆನ್ನಾಗಿ ಗೊತ್ತು, ಎಷ್ಟೋ ಜನಕ್ಕೆ ಹೇಳಿದ್ದೇನೆ. ನಿನಗೆ ಅದನ್ನು ಬರೆಯಲು ಮನಸ್ಸಾಗಲಿಲ್ಲ. ನೀನು ಬಾಗಿಲು ತಟ್ಟಿದೆಯಲ್ಲ ಅಂತ ನಿನ್ನ ಕಾಗದ ಬಂದ ದಿನವೆಲ್ಲ ಅಂದುಕೊಳ್ಳುತ್ತಿದ್ದೆ. ಗಾಡಿ ಏನಾಯಿತು ಬರೆ. ಬರುವ ವರ್ಷದ ಬಜೆಟ್ಟಿನ ಜೊತೆ ಡಿಸೆಂಬರಿನಲ್ಲೇ ತಾನೇ ಅದರ ತೀರ್ಮಾನ?

ಲಿಯೋಟಾ


ಹೆಮ್ಲಾಕ್ ರನ್
ಡಿಸೆಂಬರ್ 17, 2023

ಲಿಯೋಟಾ,

ಗಾಡಿ ಉಳಿಯಿತು. ಒಂದು ವರ್ಷದ ಮಟ್ಟಿಗೆ.

ಟೌನ್‌ಶಿಪ್ಪಿನ ಸಭೆಗೆ ಯಾವತ್ತೂ ಸೂಪರ್‌ವೈಸರ್‌ಗಳು, ಗುಮಾಸ್ತೆ ಬಿಟ್ಟರೆ ಬೆಚ್ಚಗಿರುತ್ತದೆ ಅಂತ ಬರುವ ಮುದುಕನೊಬ್ಬ, ಅಷ್ಟೇ ಜನ. ಈ ಸಲ ಒಳಗೆ ಜಾಗ ಸಾಲದೆ ಹಿಮ ಕರಗಲು ರಸ್ತೆಗೆ ಉಪ್ಪು ಚೆಲ್ಲುವ ಲಾರಿಯ ಶೆಡ್ಡಿನವರೆಗೂ ನಿಂತಿದ್ದರು. ನಾನು ತಟ್ಟಿದಾಗ ಬಾಗಿಲು ತೆಗೆಯದವರೂ ಬಂದಿದ್ದರು. ಓಟಿಗೆ ಬಾರದವರು ಇದಕ್ಕೆ ಯಾಕೆ ಬಂದರು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ನಡೀನ್ ಮಾತಾಡಿದಳು. ನಾನು ಮಾತಾಡಲಿಲ್ಲ. ಡಾರಿಲ್ ಅಧಿಕಾರ ಹಿಡಿಯುವುದು ಜನವರಿಯಲ್ಲಿ. ಹಿಂದಿನ ಸಾಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ. ಜನವರಿವರೆಗೆ ಅವನ ಕುರ್ಚಿಯಲ್ಲಿರುವ ಹಳೆಯ ಸೂಪರ್‌ವೈಸರ್ ಓಟು ಹಾಕುವ ಮುಂಚೆ ಅವನ ಕಡೆ ಒಮ್ಮೆ ನೋಡಿದ. ಡಾರಿಲ್ ಆಗಲಿ ಅನ್ನುವ ಹಾಗೆ ತಲೆ ಆಡಿಸಿದ. ಒಂದು ವರ್ಷ ಕೊಡೋಣ, ಆಮೇಲೆ ನೋಡೋಣ ಅಂದರು. ಬರುವ ಡಿಸೆಂಬರಿಗೆ ಮತ್ತೆ ಇದೇ ಪಾಡು.

ಆಚೆ ಬಂದು ಕಾರಿನಲ್ಲಿ ಕೂತೆವು. ಗಾಜಿನ ಮೇಲಿನ ಮಂಜು ಕರಗಲಿ ಅಂತ ಎಂಜಿನ್ ಹಾಕಿ ಕಾಯುತ್ತಿದ್ದೆ. ಇರ್ಮಾ ಬೆಲ್ಟು ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಏನೂ ಕಾಣದ ಗಾಜನ್ನೇ ನೋಡುತ್ತಾ, "ನಿಂಗೊಂದು ಹೇಳ್ಬೇಕು" ಅಂದಳು.

"ಹೇಳು."

"ನಾನು ನಿಂಗೆ ಓಟು ಹಾಕ್ಲಿಲ್ಲ."

"ಗೊತ್ತು" ಅಂದೆ. ಗೊತ್ತಿರಲಿಲ್ಲ. ಹೊರಗೆ ಡಾರಿಲ್‌ನ ಕಾರ್ಡು ಹಂಚಿದರೂ ಒಳಗೆ, ಆ ಪರದೆಯ ಹಿಂದೆ, ನನಗೇ ಹಾಕಿರುತ್ತಾಳೆ ಅಂತ ಐದು ವಾರದಿಂದ ನಂಬಿಕೊಂಡಿದ್ದೆ. ಕೇಳಿರಲಿಲ್ಲ ಅಷ್ಟೆ.

ಅವಳು ಕೈಚೀಲದ ಬಾಯಿ ತೆಗೆದು ಮತ್ತೆ ಮುಚ್ಚಿದಳು.

"ಅವನಿಗೂ ಹಾಕ್ಲಿಲ್ಲ" ಅಂದಳು. "ಪೆನ್ನು ಹಿಡ್ಕೊಂಡು ನಿಂತೇ ಇದ್ದೆ. ಹಿಂದೆ ಜನ ಕಾಯ್ತಿದ್ರು. ಆ ಜಾಗ ಹಾಗೇ ಬಿಟ್ಟು ಬಂದೆ. ನನ್ನ ಜೀವಮಾನದಲ್ಲಿ ಒಂದು ಜಾಗಾನೂ ಖಾಲಿ ಬಿಟ್ಟೋಳಲ್ಲ, ಕ್ಲೆಮ್."

ಅವಳ ತಾಯಿ ಹೋದ ಸುದ್ದಿಯನ್ನು ನನಗೆ ಹೇಳಿದ್ದು ಇದೇ ದನಿಯಲ್ಲಿ. ಅವಳ ಕೈಗವಸಿನ ಮೇಲೆ ಕೈ ಇಟ್ಟೆ. ತೆಗೆಯಲಿಲ್ಲ ಅವಳು. ಗಾಜಿನ ಕೆಳಗಡೆಯಿಂದ ಮಂಜು ಮೆಲ್ಲಗೆ ಕರಗುತ್ತಾ ಬಂತು. ಶೆಡ್ಡಿನ ದೀಪ ಕಂಡಿತು, ಆಮೇಲೆ ಮನೆಗೆ ಹೊರಟ ಜನ ಕಂಡರು.

"ನಡಿ ಇನ್ನು" ಅಂದಳು. "ಹಾಲು ತಗೋಬೇಕು. ಅಂಗಡಿ ಮುಚ್ತಾನೆ."

ಕ್ಲೆಮ್